ಬೇಜ್ ಬುಕ್ ವಿಮರ್ಶೆ: ಖರೀದಿಗೆ ತಡ, ಹಂಚಿಕೆಗೆ ಸರಿಯಾದ ಹೊತ್ತು

ಅಮೆರಿಕದ ಅಂಗಡಿಗಳಿಗೆ ದೂರದಲ್ಲಿ ಕೂತು ಸರಕಿನ ಪ್ಲಾನಿಂಗ್ ಮಾಡುವವರಿಗೂ ಅಲ್ಲಿಗೆ ಬಟ್ಟೆಯೋ ಪೀಠೋಪಕರಣವೋ ಕಳಿಸುವವರಿಗೂ ಮತ್ತೆ ಮತ್ತೆ ತಲೆ ತಿನ್ನುವ ಪ್ರಶ್ನೆ ಒಂದೇ. ಟೆಕ್ಸಾಸ್‌ನಲ್ಲಿ ಓಡುತ್ತಿರುವ ಸರಕು ಓಹಾಯೊದ ಕಪಾಟಿನಲ್ಲಿ ಯಾಕೆ ಕದಲುತ್ತಿಲ್ಲ? ಇಡೀ ದೇಶದ ರಿಟೇಲ್ ಅಂಕಿ ಇದಕ್ಕೆ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವ, ಅದೂ ಬಿಟ್ಟಿಯಾಗಿ ಸಿಗುವ ಸೇವೆ ಒಂದಿದೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ (ಚಿಕ್ಕದಾಗಿ ಫೆಡ್) ವರ್ಷಕ್ಕೆ 8 ಬಾರಿ ಹೊರತರುವ ಬೇಜ್ ಬುಕ್.

1970ರಲ್ಲಿ ಶುರುವಾದಾಗ ಇದಕ್ಕೆ ಕೆಂಪು ರಟ್ಟು, ರೆಡ್ ಬುಕ್ ಅಂತ ಹೆಸರು, ಓದಲು ಅವಕಾಶವಿದ್ದದ್ದು ಫೆಡ್‌ನ ಒಳಗಿನವರಿಗೆ ಮಾತ್ರ. 1983ರಲ್ಲಿ ಸಾರ್ವಜನಿಕವಾಯಿತು, ರಟ್ಟಿನ ಬಣ್ಣವೂ ತಿಳಿಕಂದಿಗೆ, ಅಂದರೆ ಬೇಜ್‌ಗೆ, ಬದಲಾಯಿತು. ದೇಶವನ್ನು 12 ಡಿಸ್ಟ್ರಿಕ್ಟ್‌ಗಳಾಗಿ ಹಂಚಿಕೊಂಡಿರುವ 12 ರಿಸರ್ವ್ ಬ್ಯಾಂಕ್‌ಗಳು ತಮ್ಮ ಸೀಮೆಯ ಅಂಗಡಿಯವರು, ಕಾರ್ ಡೀಲರ್‌ಗಳು, ಹೋಟೆಲ್‌ನವರು, ಕಾರ್ಖಾನೆಯವರು, ಬ್ಯಾಂಕಿನವರನ್ನು ಮಾತಾಡಿಸಿ ವರದಿ ಬರೆಯುತ್ತವೆ. ಮೊದಲ ಪುಟಗಳ ರಾಷ್ಟ್ರೀಯ ಸಾರಾಂಶವನ್ನು ಸರದಿ ಪ್ರಕಾರ ಒಂದು ಬ್ಯಾಂಕ್ ಬರೆಯುತ್ತದೆ. ಬಡ್ಡಿ ದರದ ಸಮಿತಿ ಸೇರುವುದಕ್ಕೆ ಸುಮಾರು 2 ವಾರ ಮೊದಲು, ಬುಧವಾರ, ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆಗೆ ಬಿಡುಗಡೆ.

ತೀರ್ಪು ಮೊದಲೇ ಹೇಳಿಬಿಡೋಣ. ಮಾರಾಟ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ತಿಳಿಯಲು ಇದು ಹೆಚ್ಚುಕಡಿಮೆ ನಿರುಪಯೋಗಿ, 5ರಲ್ಲಿ 1 ಅಂಕ. ಯಾಕೆ ಏರಿತು, ಯಾಕೆ ಇಳಿಯಿತು ಎಂದು ತಿಳಿಯಲು ಈ ಬೆಲೆಗೆ, ಅಂದರೆ ಸೊನ್ನೆಗೆ, ಇದರ ಹತ್ತಿರ ಬರುವಂಥದ್ದು ಇನ್ನೊಂದಿಲ್ಲ. ಅದಕ್ಕೆ 4.5. ಸುದ್ದಿಯವರು ಮೊದಲ ಕೆಲಸಕ್ಕೆ ಇದನ್ನು ಬಳಸುತ್ತಾರೆ. ಪ್ಲಾನಿಂಗ್‌ನವರೂ ಅವರ ಹಿಂದೆ ಹೋಗಿ ಎಡವುತ್ತಾರೆ.

ಎಡವುವುದು ಪದಗಳಲ್ಲಿ. ವರದಿಯ ಭಾಷೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸ್ಲೈಟ್ ಅಂದರೆ ಕೂದಲೆಳೆಯಷ್ಟು, ಮಾಡೆಸ್ಟ್ ಅಂದರೆ ಅದಕ್ಕಿಂತ ತುಸು ಮೇಲೆ, ಮಾಡರೇಟ್ ಅಂದರೆ ಇನ್ನೂ ಒಂದು ಮೆಟ್ಟಿಲು, ಅದರಾಚೆ ಸಾಲಿಡ್, ಸ್ಟ್ರಾಂಗ್, ರೊಬಸ್ಟ್. ಮಾಡೆಸ್ಟ್ ಮತ್ತು ಮಾಡರೇಟ್ ಒಂದೇ ಅಂದುಕೊಂಡು ಓದಿದರೆ ಅರ್ಧ ಸುದ್ದಿ ಕೈತಪ್ಪುತ್ತದೆ. ಆದರೆ ಈ ಮೆಟ್ಟಿಲುಗಳಿಗೆ ಶೇಕಡಾವಾರು ಅಳತೆ ಇಲ್ಲ. ಅಟ್ಲಾಂಟಾದ ಮಾಡೆಸ್ಟ್ ಮತ್ತು ಕ್ಲೀವ್‌ಲ್ಯಾಂಡ್‌ನ ಮಾಡೆಸ್ಟ್ ಬೇರೆ ಬೇರೆ ಕೈಗಳು ಬರೆದದ್ದು. ಅವುಗಳನ್ನು ಅಕ್ಕಪಕ್ಕ ಇಟ್ಟು ಇದು ಜಾಸ್ತಿ ಅದು ಕಮ್ಮಿ ಅನ್ನುವುದು ಹುಡುಗಾಟ. ಒಂದೇ ಡಿಸ್ಟ್ರಿಕ್ಟಿನ ಹೋದ ಸಲದ ಪದ ಮತ್ತು ಈ ಸಲದ ಪದ, ಇವೆರಡನ್ನು ಹೋಲಿಸಿದರೆ ಮಾತ್ರ ಅರ್ಥವಿದೆ.

ಇನ್ನೊಂದು ಎಡವು: ಹೋಲಿಕೆಯ ಅವಧಿ. ವರದಿ ಸಾಮಾನ್ಯವಾಗಿ ಮಾತಾಡುವುದು ಹಿಂದಿನ ವರದಿಯಿಂದ ಈಚೆಗೆ ಆದ ಬದಲಾವಣೆಯ ಬಗ್ಗೆ, ಅಂದರೆ ಆರೇಳು ವಾರಗಳ ಲೆಕ್ಕ. ಅಂಗಡಿಯವರು ಬದುಕುವುದು ಕಳೆದ ವರ್ಷದ ಇದೇ ವಾರದ ಹೋಲಿಕೆಯಲ್ಲಿ. ಒಂದೇ ಪ್ಯಾರಾದಲ್ಲಿ ಎರಡೂ ಬೆರೆತು ಬರುವುದುಂಟು. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಮಕ್ಕಳ ಬಟ್ಟೆ, ಚಾಕೊಲೇಟ್ ಮಾರುವವನು 2025ರ ಮಾರ್ಚ್ ಮಂದವಾಗಿತ್ತು ಅಂದರೆ ಅದರಲ್ಲಿ ಆರ್ಥಿಕತೆಯ ಪಾಲೆಷ್ಟು, ಕ್ಯಾಲೆಂಡರಿನ ಪಾಲೆಷ್ಟು? ಹಾಗೆಯೇ ಥ್ಯಾಂಕ್ಸ್‌ಗಿವಿಂಗ್ 2023ರಲ್ಲಿ ನವೆಂಬರ್ 23, 2024ರಲ್ಲಿ ನವೆಂಬರ್ 28. ಕ್ರಿಸ್‌ಮಸ್‌ವರೆಗಿನ ಖರೀದಿಯ ದಿನಗಳು 31ರಿಂದ 26ಕ್ಕೆ ಇಳಿದವು. ಸರ್ಕಾರಿ ಅಂಕಿಅಂಶ ಸಂಸ್ಥೆ ಸೆನ್ಸಸ್ ಬ್ಯೂರೋದ ತಿಂಗಳ ರಿಟೇಲ್ ಅಂಕಿಯಲ್ಲಿ ಹಬ್ಬ, ಋತು, ವಾರದ ದಿನಗಳ ವ್ಯತ್ಯಾಸವನ್ನು ಕಳೆದಿರುತ್ತಾರೆ. ಬೇಜ್ ಬುಕ್ಕಿಗೆ ಮಾತಾಡುವ ಅಂಗಡಿಯ ಮಾಲೀಕನ ಬಾಯಲ್ಲಿ ಅಂಥ ಜರಡಿ ಇಲ್ಲ. ರಿಟೇಲ್ ಕಂಪನಿಗಳು ಬಳಸುವ, ಪ್ರತಿ ಮೂರು ತಿಂಗಳನ್ನು 4, 5, 4 ವಾರಗಳಾಗಿ ಎಣಿಸುವ 4-5-4 ಕ್ಯಾಲೆಂಡರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. 2023ರ ರಿಟೇಲ್ ವರ್ಷಕ್ಕೆ 53 ವಾರಗಳಿದ್ದವು ಎಂಬುದನ್ನು ಮರೆತು 2024ರ ಹೋಲಿಕೆ ಮಾಡಿದರೆ ಲೆಕ್ಕವೆಲ್ಲ ಒಂದು ವಾರ ಜಾರುತ್ತದೆ.

ಓದುವ ಕ್ರಮಕ್ಕೆ ಬರೋಣ. ರಾಷ್ಟ್ರೀಯ ಸಾರಾಂಶವನ್ನು ಕೊನೆಗೆ ಇಡಿ. ಬರೆಯುವ ಬ್ಯಾಂಕ್ ಪ್ರತಿ ಸಲ ಬದಲಾಗುವುದರಿಂದ ಅದರ ಧಾಟಿ ಏರಿಳಿಯುತ್ತದೆ. ನೇರ ನಿಮ್ಮ ಡಿಸ್ಟ್ರಿಕ್ಟಿಗೆ ಹೋಗಿ, ಅಲ್ಲಿಯೂ ಗ್ರಾಹಕರ ಖರ್ಚಿನ ಭಾಗಕ್ಕಿಂತ ಮೊದಲು ಕೆಲಸ ಮತ್ತು ಕೂಲಿಯ ಭಾಗವನ್ನು ಓದಿ. ಸಂಬಳದ ಸುದ್ದಿ ಮೊದಲು ಬರುತ್ತದೆ, ಖರ್ಚಿನ ಸುದ್ದಿ ಆಮೇಲೆ. ಕಾರ್ಖಾನೆಗಳು ಓವರ್‌ಟೈಮ್ ಕಡಿತ ಮಾಡಿವೆ ಎಂಬ ಒಂದು ಸಾಲು, ಯಾರನ್ನೂ ಕೆಲಸದಿಂದ ತೆಗೆಯದಿದ್ದರೂ, ಟೈರು, ಬೂಟು, ಟಿವಿ ಮಾರುವವರಿಗೆ ಮುಂದಿನ ತಿಂಗಳುಗಳ ಮುನ್ಸೂಚನೆ. ಆಮೇಲೆ ಖರ್ಚು, ಆಮೇಲೆ ಬೆಲೆ, ಕೊನೆಗೆ ಪಕ್ಕದ ಡಿಸ್ಟ್ರಿಕ್ಟ್.

ನಾವೇ ಆ ಧಾಟಿಯಲ್ಲಿ ಕಟ್ಟಿದ ಒಂದು ವಾಕ್ಯವನ್ನು ಬಿಡಿಸಿ ನೋಡೋಣ: ರಿಟೇಲ್ ಮಾರಾಟ ಸ್ವಲ್ಪ ಏರಿತು, ಕಡಿಮೆ ಆದಾಯದವರು ಅಗ್ಗದ ಬ್ರ್ಯಾಂಡ್‌ಗೆ ಇಳಿದರು, ದೊಡ್ಡ ವಸ್ತುಗಳಿಗೆ ಬೇಡಿಕೆ ಮಂದ, ಬೆಲೆ ಏರಿಸಲು ಅಂಗಡಿಯವರು ಹಿಂಜರಿದರು. ಒಂದು ವಾಕ್ಯದಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಮಾರಾಟ ಏರಿತು ಅನ್ನುವುದು ಹಣದ ಲೆಕ್ಕವೋ ಪೀಸುಗಳ ಲೆಕ್ಕವೋ? ಬೆಲೆ 3% ಏರಿ ಮಾರಾಟದ ಹಣ 2% ಮಾತ್ರ ಏರಿದ್ದರೆ, ಪೀಸುಗಳು ಸುಮಾರು 1% ಇಳಿದಿವೆ. ಏರಿಕೆ ಅನ್ನುವ ಪದ ನೋಡಿ ಹೆಚ್ಚು ಪೀಸು ಕಳಿಸಿದರೆ ಗೋದಾಮು ತುಂಬುತ್ತದೆ. ಸೆನ್ಸಸ್‌ನ ತಿಂಗಳ ಅಂಕಿಯಲ್ಲೂ ಬೆಲೆ ಏರಿಕೆಯನ್ನು ಕಳೆದಿರುವುದಿಲ್ಲ, ಆದ್ದರಿಂದ ಈ ಗಣಿತ ಎರಡೂ ಕಡೆ ನೀವೇ ಮಾಡಬೇಕು. ಅಗ್ಗದ ಬ್ರ್ಯಾಂಡ್‌ಗೆ ಇಳಿದರು ಅಂದರೆ ಗಿರಾಕಿ ಅಂಗಡಿ ಬಿಟ್ಟಿಲ್ಲ, ಬಿಲ್ ಸಣ್ಣದಾಗಿದೆ. ಆಗ ಬದಲಿಸಬೇಕಾದದ್ದು ಸರಕಿನ ಮಿಶ್ರಣ, ಒಟ್ಟು ಸಂಖ್ಯೆಯಲ್ಲ. ದೊಡ್ಡ ವಸ್ತುಗಳ ಮಂದಗತಿ ಬೇರೆಯದೇ ಕಥೆ, ಅದರ ಬೇರು ಮನೆ ಮಾರಾಟದಲ್ಲಿದೆ. ಬೆಲೆ ಏರಿಸಲು ಹಿಂಜರಿದರು ಎಂಬುದು ಮಾರ್ಜಿನ್ ಸುದ್ದಿ, ಬೇಗ ಡಿಸ್ಕೌಂಟ್ ಶುರುವಾಗುವ ಸೂಚನೆ.

ಮನೆ ಮಾರಾಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಪೀಠೋಪಕರಣ, ನೆಲಹಾಸು, ಪರದೆ, ಫ್ರಿಜ್ ಮಾರುವವರು ನಿರುದ್ಯೋಗದ ಅಂಕಿಯನ್ನೇ ನೋಡುತ್ತಾ ಕೂರುತ್ತಾರೆ. 30 ವರ್ಷದ ಗೃಹಸಾಲದ ಬಡ್ಡಿ 2021ರ ಜನವರಿಯಲ್ಲಿ 2.65%ಕ್ಕೆ ಇಳಿದಿತ್ತು, 2023ರ ಅಕ್ಟೋಬರ್‌ನಲ್ಲಿ 7.79% ಮುಟ್ಟಿತು. ಹಳೆಯ ಅಗ್ಗದ ಸಾಲ ಇದ್ದವರು ಮನೆ ಮಾರಿ ಹೊಸ ದುಬಾರಿ ಸಾಲ ತೆಗೆದುಕೊಳ್ಳಲು ಒಪ್ಪಲಿಲ್ಲ. 2023ರಲ್ಲಿ ಕೈಬದಲಾದ ಹಳೆಯ ಮನೆಗಳು ಸುಮಾರು 40.9 ಲಕ್ಷ, ಅಲ್ಲಿಯವರೆಗೆ 1995ರ ನಂತರದ ಅತಿ ಕಡಿಮೆ. ಕೆಲಸ ಇತ್ತು, ಸಂಬಳ ಇತ್ತು, ಆದರೆ ಮನೆ ಬದಲಿಸದವರು ಸೋಫಾ ಬದಲಿಸಲಿಲ್ಲ. ಇಂಥ ಕಾರಣ ನಿರುದ್ಯೋಗದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಬೇಜ್ ಬುಕ್ಕಿನ ರಿಯಲ್ ಎಸ್ಟೇಟ್ ಭಾಗದಲ್ಲಿ ಎರಡು ಸಾಲಿನಲ್ಲಿ ಸಿಗುತ್ತದೆ.

ಈ ಸೇವೆಯ ದೊಡ್ಡ ದೋಷ ಅದರ ನಕ್ಷೆ. ಡಿಸ್ಟ್ರಿಕ್ಟಿನ ಗೆರೆಗಳನ್ನು ಎಳೆದದ್ದು 1914ರಲ್ಲಿ. 12ನೇ ಡಿಸ್ಟ್ರಿಕ್ಟ್, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ, ಅಲಾಸ್ಕಾದಿಂದ ಅರಿಜೋನಾವರೆಗೆ, ಹವಾಯಿಯನ್ನೂ ಸೇರಿಸಿ 9 ರಾಜ್ಯಗಳದ್ದು. ಹವಾಯಿಯ ಪ್ರವಾಸಿ ಬೀದಿಗೂ ಇಡಾಹೊದ ಟ್ರ್ಯಾಕ್ಟರ್ ಅಂಗಡಿಗೂ ಸೇರಿ ಒಂದೇ ವಿಶೇಷಣ! ಮಿಸ್ಸೌರಿ ಒಂದೇ ರಾಜ್ಯದಲ್ಲಿ ಎರಡು ರಿಸರ್ವ್ ಬ್ಯಾಂಕ್‌ಗಳು, ಸೇಂಟ್ ಲೂಯಿಸ್ ಮತ್ತು ಕಾನ್ಸಸ್ ಸಿಟಿ. ಗಿರಾಕಿ ಈ ಗೆರೆ ನೋಡಿ ಕಾರು ಓಡಿಸುವುದಿಲ್ಲ.

ಬೋಸ್ಟನ್ ಡಿಸ್ಟ್ರಿಕ್ಟ್ ಇದಕ್ಕೆ ಒಳ್ಳೆಯ ಪಾಠ. ಮ್ಯಾಸಚೂಸೆಟ್ಸ್‌ನಲ್ಲಿ ಮಾರಾಟ ತೆರಿಗೆ 6.25%, ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸೊನ್ನೆ. 1,000 ಡಾಲರಿನ ಟಿವಿಗೆ 62.50 ಡಾಲರ್ ಉಳಿತಾಯ ಅಂದರೆ ಪೆಟ್ರೋಲ್ ಸುಟ್ಟುಕೊಂಡು ಗಡಿ ದಾಟುವವರು ಇದ್ದೇ ಇರುತ್ತಾರೆ. ಆದರೆ ಬಟ್ಟೆಗೆ ದಾಟುವುದು ಕಡಿಮೆ, ಕಾರಣ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಉಡುಪಿಗೆ 175 ಡಾಲರ್‌ವರೆಗೆ ತೆರಿಗೆಯೇ ಇಲ್ಲ. ಎರಡೂ ರಾಜ್ಯಗಳು ಒಂದೇ ಡಿಸ್ಟ್ರಿಕ್ಟಿನವು. ಈ ಕಡೆ ಕಳೆದದ್ದು ಆ ಕಡೆ ಕೂಡಿ ವರದಿಯಲ್ಲಿ ಏನೂ ಆಗಿಲ್ಲ ಅನ್ನಿಸುತ್ತದೆ, ಗಡಿಯ ಎರಡು ಬದಿಯ ಎರಡು ಅಂಗಡಿಗಳ ಪಾಲಿಗೆ ಎಲ್ಲವೂ ಆಗಿರುತ್ತದೆ.

ಹಾಗಾಗಿ ನಿಮ್ಮ ಅಂಗಡಿಯ ಸೀಮೆ ಯಾವುದರಿಂದ ಉಣ್ಣುತ್ತದೆ ಎಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕ ಇನ್ನೊಂದು ಅಳತೆಗೋಲನ್ನು ಜೊತೆಗೆ ಇಟ್ಟುಕೊಳ್ಳಬೇಕು. ಎಣ್ಣೆ ಬಾವಿಗಳ ಸೀಮೆಯಾದರೆ, ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಅಥವಾ ನಾರ್ತ್ ಡಕೋಟಾದ ವಿಲಿಸ್ಟನ್ ಥರದ ಊರು, ತೈಲ ಸೇವಾ ಕಂಪನಿ ಬೇಕರ್ ಹ್ಯೂಸ್ ಪ್ರತಿ ಶುಕ್ರವಾರ ಕೊಡುವ, ಬಾವಿ ಕೊರೆಯುವ ರಿಗ್‌ಗಳ ಎಣಿಕೆ. 2014ರ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ಕಚ್ಚಾತೈಲ 2016ರ ಫೆಬ್ರವರಿಯಲ್ಲಿ 30ರ ಕೆಳಗೆ ಬಿದ್ದಾಗ ಇಡೀ ದೇಶದ ಗಿರಾಕಿಗೆ ಪೆಟ್ರೋಲ್ ಅಗ್ಗವಾಗಿ ಜೇಬಿನಲ್ಲಿ ಹಣ ಉಳಿಯಿತು, ಈ ಊರುಗಳಲ್ಲಿ ಸಂಬಳವೇ ನಿಂತಿತು. ಒಂದೇ ಸುದ್ದಿ, ಎರಡು ಸೀಮೆಗೆ ವಿರುದ್ಧ ಅರ್ಥ. ಜೋಳ, ಸೋಯಾ ಬೆಳೆಯುವ ಕಡೆಯಾದರೆ ಶಿಕಾಗೊ, ಕಾನ್ಸಸ್ ಸಿಟಿ, ಮಿನಿಯಾಪೊಲಿಸ್ ಬ್ಯಾಂಕ್‌ಗಳು ತ್ರೈಮಾಸಿಕವಾಗಿ ಮಾಡುವ ಕೃಷಿ ಸಾಲದ ಸಮೀಕ್ಷೆ. ರೈತ ಸಾಲ ಮುಂದೂಡುತ್ತಿದ್ದಾನೆ ಅಂದರೆ ಹೊಸ ಪಿಕಪ್ ಟ್ರಕ್ ಈ ವರ್ಷ ಇಲ್ಲ.

ಮೆಕ್ಸಿಕೋ ಗಡಿಯ ಲರೇಡೊ, ಎಲ್ ಪಾಸೊ ಊರುಗಳಲ್ಲಿ ಅಳತೆಗೋಲು ಪೆಸೊ ವಿನಿಮಯ ದರ ಮತ್ತು ಸೇತುವೆ ದಾಟುವವರ ಸಂಖ್ಯೆ. ಆ ಸಂಖ್ಯೆ ಸಾರಿಗೆ ಅಂಕಿಅಂಶ ಬ್ಯೂರೋದಲ್ಲಿ ತಿಂಗಳು ತಿಂಗಳು ಸಿಗುತ್ತದೆ. 1994ರ ಡಿಸೆಂಬರ್‌ನಲ್ಲಿ ಪೆಸೊ ಕುಸಿದಾಗ ಈ ಪೇಟೆಗಳು ಬಿಕೋ ಅಂದವು. 2020ರ ಮಾರ್ಚ್‌ನಿಂದ 2021ರ ನವೆಂಬರ್ 8ರವರೆಗೆ ಅನಗತ್ಯ ಪ್ರಯಾಣಕ್ಕೆ ಭೂಗಡಿ ಮುಚ್ಚಿದ್ದಾಗ, ಪರಿಹಾರದ ಚೆಕ್‌ಗಳಿಂದ ದೇಶದ ಉಳಿದೆಡೆ ರಿಟೇಲ್ ಜಿಗಿಯುತ್ತಿದ್ದರೂ, ಸೇತುವೆ ಪಕ್ಕದ ಅಂಗಡಿಗಳಿಗೆ ಗಿರಾಕಿಯೇ ಇರಲಿಲ್ಲ.

ಕಡಿಮೆ ಆದಾಯದ ಕೌಂಟಿಗಳಲ್ಲಿ, ಅಂದರೆ ರಾಜ್ಯದೊಳಗಿನ ಆಡಳಿತ ವಿಭಾಗಗಳಲ್ಲಿ, ಸರ್ಕಾರದ ಹಣ ಯಾವ ವಾರ ಬ್ಯಾಂಕಿಗೆ ಬೀಳುತ್ತದೆ ಎಂಬುದೇ ಮುಖ್ಯ. ದುಡಿಯುವ ಬಡವರಿಗೆ ಸಿಗುವ ಆದಾಯ ತೆರಿಗೆ ಕ್ರೆಡಿಟ್ ಸೇರಿದ ರೀಫಂಡ್‌ಗಳನ್ನು 2015ರ ಕಾನೂನಿನ ಪ್ರಕಾರ ಫೆಬ್ರವರಿ ಮಧ್ಯದವರೆಗೆ ಬಿಡುವಂತಿಲ್ಲ. ಇದು ಜಾರಿಯಾದದ್ದು 2017ರಲ್ಲಿ. ಆ ವರ್ಷ ಫೆಬ್ರವರಿಯ ಮೊದಲೆರಡು ವಾರ ಟಿವಿ, ಟೈರು ಹೋಗಲಿಲ್ಲ ಎಂದು ಹೆದರಿದವರಿಗೆ ಕಾರಣ ಇಲ್ಲಿತ್ತು. ಆಹಾರ ನೆರವಿನ ಕೋವಿಡ್ ಕಾಲದ ಹೆಚ್ಚುವರಿ ಮೊತ್ತ 2023ರ ಫೆಬ್ರವರಿ ಮುಗಿಯುತ್ತಲೇ ನಿಂತಿತು, ಆದರೆ ಹಲವು ರಾಜ್ಯಗಳು ಅದನ್ನು ಮೊದಲೇ ನಿಲ್ಲಿಸಿದ್ದವು. ಹಾಗಾಗಿ ದಿನಸಿ ಅಂಗಡಿಗಳ ಇಳಿಕೆ ಎಲ್ಲೆಡೆ ಒಂದೇ ತಿಂಗಳು ಕಾಣಲಿಲ್ಲ.

ಜೊತೆಗಿಡಬೇಕಾದ ಅಂಕಿಗಳಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು ರಾಜ್ಯಗಳ ಮಾರಾಟ ತೆರಿಗೆಯ ಪಟ್ಟಿಗಳು. ಟೆಕ್ಸಾಸ್‌ನ ಕಂಟ್ರೋಲರ್ ಕಚೇರಿ ಊರೂರಿಗೆ ಹಂಚುವ ತೆರಿಗೆಯ ಮೊತ್ತವನ್ನು ತಿಂಗಳಿಗೊಮ್ಮೆ ಹಾಕುತ್ತದೆ. ಆದರೆ ಮಾರ್ಚ್‌ನ ಹಂಚಿಕೆ ಜನವರಿಯ ಮಾರಾಟದ್ದು. ಎರಡು ತಿಂಗಳು ಹಿಂದೆ ಸರಿಸಿ ಓದದಿದ್ದರೆ ಕ್ರಿಸ್‌ಮಸ್ ವ್ಯಾಪಾರ ಫೆಬ್ರವರಿಯಲ್ಲಿ ಆಯಿತೆಂದು ಕಾಣುತ್ತದೆ. ಊರಿಗೆ ಹೊರಗಿನ ಗಿರಾಕಿ ಎಷ್ಟು ಬರುತ್ತಾರೆ ಎಂಬ ಲೆಕ್ಕವೂ ಇದರಿಂದಲೇ ತೆಗೆಯಬಹುದು. ಕಾಲ್ಪನಿಕ ಸಂಖ್ಯೆಗಳಲ್ಲಿ ಹೇಳುವುದಾದರೆ, ರಾಜ್ಯದ ತಲಾ ರಿಟೇಲ್ ಖರ್ಚು 18,000 ಡಾಲರ್, ಕೌಂಟಿಯ ಜನಸಂಖ್ಯೆ 40,000, ಅಲ್ಲಿನ ತಲಾ ಆದಾಯ ರಾಜ್ಯದ 90%. ನಿರೀಕ್ಷಿತ ಮಾರಾಟ 64.8 ಕೋಟಿ ಡಾಲರ್. ನಿಜವಾಗಿ ಆದದ್ದು 74.52 ಕೋಟಿ ಅಂದರೆ ಅನುಪಾತ 1.15. ಆ 15% ಹೊರಗಿನವರ ಹಣ, ಮೊದಲು ಅಲುಗಾಡುವುದೂ ಅದೇ. ಪೆಟ್ರೋಲ್ ದುಬಾರಿಯಾದರೆ, ಪಕ್ಕದ ಕೌಂಟಿಯಲ್ಲಿ ದೊಡ್ಡ ಮಳಿಗೆ ತೆರೆದರೆ ಸ್ಥಳೀಯರ ಸಂಬಳಕ್ಕೆ ಏನೂ ಆಗದಿದ್ದರೂ ಮಾರಾಟ ಇಳಿಯುತ್ತದೆ. ಒಂದು ಎಚ್ಚರಿಕೆ: ಅಮೆರಿಕದ ಸುಪ್ರೀಂ ಕೋರ್ಟಿನ 2018ರ ವೇಫೇರ್ ತೀರ್ಪಿನ ನಂತರ ಹೊರರಾಜ್ಯದ ಆನ್‌ಲೈನ್ ಮಾರಾಟಗಾರರೂ ತೆರಿಗೆ ಕಟ್ಟತೊಡಗಿದರು. ಅದಕ್ಕೂ ಮೊದಲಿನ ವರ್ಷಗಳ ಜೊತೆ ನೇರ ಹೋಲಿಕೆ ಮಾಡಿದರೆ ಬೀದಿಯ ಅಂಗಡಿಗಳು ಬೆಳೆದಂತೆ ಭ್ರಮೆಯಾಗುತ್ತದೆ.

ಸೆನ್ಸಸ್ ಬ್ಯೂರೋ 2020ರಿಂದ ರಾಜ್ಯವಾರು ರಿಟೇಲ್ ಅಂದಾಜು ಕೊಡುತ್ತಿದೆ, ಪ್ರಾಯೋಗಿಕ ಎಂಬ ಹಣೆಪಟ್ಟಿಯಲ್ಲಿ. ಅದು ಮಾಡೆಲ್‌ನಿಂದ ತೆಗೆದ ಅಂದಾಜು, ಆನ್‌ಲೈನ್ ಥರದ, ಅಂಗಡಿಯಿಲ್ಲದ ಮಾರಾಟ ಅದರ ಒಟ್ಟು ಮೊತ್ತದಲ್ಲಿ ಸೇರಿಲ್ಲ. ಫಿಲಡೆಲ್ಫಿಯಾ ಫೆಡ್‌ನ ರಾಜ್ಯ ಸೂಚ್ಯಂಕ 50 ರಾಜ್ಯಗಳಿಗೂ ಇದೆ. ಉದ್ಯೋಗ, ಕಾರ್ಖಾನೆಯ ದುಡಿಮೆಯ ಗಂಟೆ, ನಿರುದ್ಯೋಗ ದರ, ಬೆಲೆ ಏರಿಕೆ ಕಳೆದ ಸಂಬಳ, ಈ ನಾಲ್ಕನ್ನು ಬೆರೆಸಿ ಮಾಡಿದ್ದು. ಡಲಾಸ್ ಫೆಡ್‌ನ ಟೆಕ್ಸಾಸ್ ರಿಟೇಲ್ ಸಮೀಕ್ಷೆ ಪ್ರತಿ ತಿಂಗಳು ಸಂಖ್ಯೆಯನ್ನೇ ಕೊಡುತ್ತದೆ. ಆ ರಾಜ್ಯಕ್ಕೆ ಸರಕು ಕಳಿಸುವವರು ಬೇಜ್ ಬುಕ್ಕಿಗಿಂತ ಮೊದಲು ಅದನ್ನೇ ನೋಡಬೇಕು.

ಬೇಜ್ ಬುಕ್ ನಿಜವಾಗಿ ಕೈ ಹಿಡಿದ ಸಂದರ್ಭವೂ ಉಂಟು. 2018ರ ಡಿಸೆಂಬರ್ 22ರಿಂದ 35 ದಿನ ಕೇಂದ್ರ ಸರ್ಕಾರದ ಕೆಲವು ಇಲಾಖೆಗಳು ಹಣವಿಲ್ಲದೆ ಮುಚ್ಚಿದ್ದವು. ಸೆನ್ಸಸ್ ಬ್ಯೂರೋ ಕೂಡ. ಡಿಸೆಂಬರ್‌ನ ರಿಟೇಲ್ ಅಂಕಿ ಹೊರಬಂದದ್ದು ಫೆಬ್ರವರಿ 14ಕ್ಕೆ. ಫೆಡ್ ಸಂಸತ್ತಿನ ಅನುದಾನದಲ್ಲಿ ನಡೆಯುವುದಲ್ಲ, ಹಾಗಾಗಿ ಜನವರಿ 16ಕ್ಕೆ ಬೇಜ್ ಬುಕ್ ತನ್ನ ಪಾಡಿಗೆ ಬಂತು. ಸಂಬಳವಿಲ್ಲದ ಸರ್ಕಾರಿ ನೌಕರರು ತುಂಬಿದ ವರ್ಜೀನಿಯಾ, ಮೇರಿಲ್ಯಾಂಡ್ ರಿಚ್ಮಂಡ್ ಡಿಸ್ಟ್ರಿಕ್ಟಿನವು. ಅಂಕಿಗಳ ಬಾವಿ ಬತ್ತಿದಾಗ ಮಾತಿನ ಬಾವಿಯೇ ಗತಿ.

ಆ ಮಾತು ಯಾರದ್ದು ಎಂಬುದನ್ನೂ ನೋಡಬೇಕು. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆ ಅನ್ನುವುದು ಒಂದೇ ಪಾತ್ರೆಯಾದರೆ ಸರಿ. ಇಲ್ಲಿ ಪಾತ್ರೆಗಳು ಹಲವು, ಅಗುಳನ್ನು ಆರಿಸುವ ಕ್ರಮ ಯಾದೃಚ್ಛಿಕವೂ ಅಲ್ಲ. ಮುಚ್ಚಿಹೋದ ಅಂಗಡಿಯವನು ಫೋನ್ ಎತ್ತುವುದಿಲ್ಲ, ಉಳಿದವನಿಗೆ ಮುಚ್ಚಿದವನ ಗಿರಾಕಿಗಳು ಬಂದಿರುತ್ತಾರೆ. ಅವನು ವ್ಯಾಪಾರ ಸುಧಾರಿಸಿದೆ ಅನ್ನುತ್ತಾನೆ, ಸುಳ್ಳೇನಲ್ಲ. ಮಾಹಿತಿ ಸಂಗ್ರಹ ನಿಲ್ಲಿಸಿದ ದಿನಾಂಕ ವರದಿಯಲ್ಲೇ ಇರುತ್ತದೆ, ಬಿಡುಗಡೆಗಿಂತ ಒಂದು ವಾರಕ್ಕೂ ಹೆಚ್ಚು ಹಿಂದಿನದು. ಚಂಡಮಾರುತ ಆ ನಡುವೆ ಬಡಿದರೆ ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ.

ಇನ್ನು ಬಳಸುವ ಬಗೆ. ಒಂದು ಶೀಟ್‌ನಲ್ಲಿ 7 ಕಾಲಂ ಸಾಕು: ದಿನಾಂಕ, ವರದಿಯ ಪದ ಹಾಗೆಯೇ, ಹೋಲಿಕೆಯ ಅವಧಿ, ಸರಕಿನ ವರ್ಗ, −2ರಿಂದ +2ರವರೆಗೆ ಅಂಕ, ಕಾರಣ, ಮುಂದಿನ ನಿರೀಕ್ಷೆ. ಕಾರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ದೇಶದ ರಿಟೇಲ್ ಮೊತ್ತದಲ್ಲಿ ಸುಮಾರು ಐದನೇ ಒಂದು ಭಾಗ ವಾಹನ ಮತ್ತು ಬಿಡಿಭಾಗಗಳದ್ದೇ, ಅದು ಬೆರೆತರೆ ಉಳಿದದ್ದು ಕಾಣುವುದಿಲ್ಲ. ಆಗಿದ್ದನ್ನೂ ಆಗಲಿದೆ ಎಂದು ನಿರೀಕ್ಷಿಸಿದ್ದನ್ನೂ ಒಂದೇ ಅಂಕದಲ್ಲಿ ಸೇರಿಸಬೇಡಿ, ಅಂಗಡಿಯವರ ನಿರೀಕ್ಷೆ ಸದಾ ಒಂದು ಮೆಟ್ಟಿಲು ಮೇಲೆಯೇ ಇರುತ್ತದೆ. ಅಂಕದ ಸರಾಸರಿ ತೆಗೆಯುವ ಆಸೆ ಬರುತ್ತದೆ, ತೆಗೆಯಿರಿ, ಆದರೆ ತೀರ್ಮಾನವನ್ನು ಕಾರಣದ ಕಾಲಂ ನೋಡಿ ಮಾಡಿ.

ಈ ತೀರ್ಮಾನ ಯಾವುದಕ್ಕೆ? ಹಡಗಿನಲ್ಲಿ ಬರುವ ಬಟ್ಟೆಗೆ ಆರ್ಡರ್ ಕೊಟ್ಟು ಐದಾರು ತಿಂಗಳು ಆಗಿರುತ್ತದೆ, ಅದನ್ನು ಈ ವರದಿ ನೋಡಿ ತಿದ್ದಲಾಗದು. ತಿದ್ದಲು ಸಾಧ್ಯವಿರುವುದು ಹಂಚಿಕೆ ಮತ್ತು ಡಿಸ್ಕೌಂಟ್‌ನ ವಾರ. 12,000 ಜಾಕೆಟ್ ಬಂದಿವೆ ಅನ್ನಿ. 7,200 ಮೊದಲ ಕಂತಿನಲ್ಲಿ ಅಂಗಡಿಗಳಿಗೆ ಹೋಗಿವೆ, 4,800 ಗೋದಾಮಿನಲ್ಲಿವೆ. ಶಿಕಾಗೊ ಡಿಸ್ಟ್ರಿಕ್ಟಿಗೆ ಅದರಲ್ಲಿ 30%, ಅಂದರೆ 1,440 ಎಂದು ಯೋಜನೆ. ಶರತ್ಕಾಲ ಬೆಚ್ಚಗಿದ್ದು ಚಳಿಬಟ್ಟೆ ಹೋಗುತ್ತಿಲ್ಲ ಎಂದು ವರದಿ ಹೇಳಿದರೆ ಪಾಲನ್ನು 24%ಕ್ಕೆ ಇಳಿಸಿ, 288 ಜಾಕೆಟ್ ತಡೆಹಿಡಿಯಿರಿ, ರದ್ದು ಮಾಡಬೇಡಿ. ಚಳಿ ತಡವಾಗಿಯಾದರೂ ಬರುತ್ತದೆ. ಅದೇ ವರದಿ ಕಾರ್ಖಾನೆಗಳಲ್ಲಿ ಶಿಫ್ಟ್ ಕಡಿತ ಎಂದು ಕಾರಣ ಕೊಟ್ಟಿದ್ದರೆ ಆ 288ನ್ನು ಕಾಯಿಸುವುದರಲ್ಲಿ ಅರ್ಥವಿಲ್ಲ, ಬೇರೆ ಸೀಮೆಗೆ ಕೂಡಲೇ ಕಳಿಸಬೇಕು. ಇಳಿಕೆ ಅಷ್ಟೇ, ಕಾರಣ ಬೇರೆ, ಮಾಡುವ ಕೆಲಸವೂ ಬೇರೆ.

ಅಂಕ ಕೊಡುವ ಕೈ ಪಳಗಲು ಹಳೆಯ ಸಂಚಿಕೆಗಳು ಬೇಕು. ಮಿನಿಯಾಪೊಲಿಸ್ ಫೆಡ್ 1970ರಿಂದ ಈಚೆಗಿನ ಎಲ್ಲವನ್ನೂ ಆನ್‌ಲೈನ್‌ನಲ್ಲಿ ಇಟ್ಟಿದೆ. ಭಾಗಗಳ ಹೆಸರು ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ಬದಲಾಗುವುದರಿಂದ, ಒಂದು ಕಡೆ ಪ್ರವಾಸ ಸೇರಿ, ಇನ್ನೊಂದು ಕಡೆ ಬಿಟ್ಟು, ಹುಡುಕಾಟ ಸ್ವಲ್ಪ ಕಿರಿಕಿರಿ. ನಿಮ್ಮ ಡಿಸ್ಟ್ರಿಕ್ಟಿನ 2007ರ ಮೊದಲ ಸಂಚಿಕೆಯಿಂದ 2009ರ ಕೊನೆಯದರವರೆಗೆ, ಒಟ್ಟು 24, ಗ್ರಾಹಕರ ಖರ್ಚಿನ ಭಾಗವನ್ನಷ್ಟೇ ಒಂದೇ ಕೂರಿಕೆಯಲ್ಲಿ ಓದಿ, ಇಳಿಕೆಯ ಮುಂದೆ ಸ್ವಲ್ಪ ಅನ್ನುವ ಮೆತ್ತನೆಯ ಪದ ಯಾವ ಸಂಚಿಕೆಯಲ್ಲಿ ಮೊದಲ ಬಾರಿ ಮಾಯವಾಯಿತು ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಶೀಟ್‌ನಲ್ಲಿ −2 ಅಂದರೆ ಆ ಸಂಚಿಕೆ.